ರಾತ್ರಿಗೊಂದು ಮಾತ್ರೆ

ನಮ್ಮ ಭಾವನಿಗೆ ಸ್ಟೆಂಟ್ ಹಾಕಿಸಿ ಆರು ವರ್ಷವಾಯಿತು. ಕಳೆದ ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಅವರು ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು. ಯಾಕೆಂದು ಕೇಳಿದರೆ ಬಿಡುವ ಮುಂಚಿನ ಲ್ಯಾಬ್ ರಿಪೋರ್ಟ್ ತಂದಿಟ್ಟರು. ಎಲ್‌ಡಿಎಲ್ 62. “ಎಲ್ಲಾ ನಾರ್ಮಲ್ ಬಂದಿದೆ ನೋಡೋ. ಇನ್ನೂ ಯಾಕೆ ನುಂಗ್ತಾ ಕೂರೋದು?” ಅವರ ಬೆಳಗಿನ ವಾಕಿಂಗ್ ಗುಂಪಿನಲ್ಲಿ ಅರ್ಧ ಜನ ಹೀಗೇ ಬಿಟ್ಟವರು, ಉಳಿದವರು ಬಿಡುವ ಯೋಚನೆಯಲ್ಲಿರುವವರು.

ಬಾವಿಯ ಹೂಳೆತ್ತುವಾಗ ಪಂಪು ಓಡುತ್ತಿರುವಷ್ಟು ಹೊತ್ತು ನೀರು ತಳದಲ್ಲಿರುತ್ತದೆ. ನೀರು ಇಳಿಯಿತೆಂದು ಪಂಪು ನಿಲ್ಲಿಸಿದರೆ ಏನಾಗುತ್ತದೆಂದು ಹಳ್ಳಿಯಲ್ಲಿ ಬೆಳೆದ ಭಾವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಟಾಟಿನ್ ಎಂಬ ಈ ಕೊಲೆಸ್ಟ್ರಾಲ್ ಮಾತ್ರೆಯದೂ ಅದೇ ಕಥೆ. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸಲು ಬಳಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಕೊರತೆ ಬಿದ್ದ ಯಕೃತ್ತು ರಕ್ತದಲ್ಲಿರುವುದನ್ನು ಎಳೆದುಕೊಳ್ಳುತ್ತದೆ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ. ಅಷ್ಟೇ ಅಲ್ಲ, ಲ್ಯಾಬಿನವರು ಅಚ್ಚುಹಾಕುವ ‘ನಾರ್ಮಲ್’ ಊರಿಗೆಲ್ಲ ಒಂದೇ. ಹೃದ್ರೋಗ ಆಗಲೇ ಇರುವವರಿಗೆ 55ಕ್ಕಿಂತ ಕೆಳಗಿರಬೇಕು ಎನ್ನುವುದು ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ. ಹಾಗೆ ನೋಡಿದರೆ ಭಾವನ 62 ನಾರ್ಮಲ್ಲೂ ಅಲ್ಲ.

ತಪ್ಪನ್ನೆಲ್ಲ ವಾಕಿಂಗ್ ಗುಂಪಿನ ತಲೆಗೆ ಕಟ್ಟಲು ಮಾತ್ರ ನನಗೆ ಮನಸ್ಸಿಲ್ಲ. ಅಂಕಿ ನೋಡಿ ಮಾತ್ರೆ ಬಿಡುವುದನ್ನು ಅವರು ಕಲಿತದ್ದು ಅಂಕಿ ನೋಡಿ ಮಾತ್ರೆ ಬರೆಯುವವರಿಂದ. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಎಲ್‌ಡಿಎಲ್ 138 ಬಂತೆಂದು ನನಗೂ ಒಮ್ಮೆ ಚೀಟಿ ಸಿಕ್ಕಿತ್ತು: 0-0-1. ನನಗೆ ಬಿಪಿ ಇಲ್ಲ, ಶುಗರ್ ಇಲ್ಲ, ಸಿಗರೇಟಿಲ್ಲ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿತ್ತೇ ಎಂದು ಕೇಳಲೂ ಇಲ್ಲ. ಎಷ್ಟು ದಿನ ಎಂದರೆ ‘ಲೈಫ್‌ಲಾಂಗ್’ ಎಂಬ ಒಂದೇ ಪದ. (ರಾತ್ರಿಯೇ ಯಾಕೆ ಎನ್ನುವುದೂ ಹಳೆಯ ರೂಢಿ. ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲದ ಸಿಮ್ವಾಸ್ಟಾಟಿನ್‌ಗೆ ಅದು ಸರಿ. ಈಗ ಬರೆದುಕೊಡುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳನ್ನು ಯಾವ ಹೊತ್ತಿಗಾದರೂ ನುಂಗಬಹುದು.)

ಭಾವನಿಗೂ ನನಗೂ ಮಾತ್ರೆ ಒಂದೇ, ಲೆಕ್ಕ ಬೇರೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನ ನಡೆದದ್ದು ಹೃದ್ರೋಗ ಆಗಲೇ ಇದ್ದ 4,444 ಜನರ ಮೇಲೆ. ಐದು ವರ್ಷ ದಾಟುವ ಹೊತ್ತಿಗೆ ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ನೂರಕ್ಕೆ ಸುಮಾರು 12 ಜನ ತೀರಿಕೊಂಡಿದ್ದರು, ಸಿಮ್ವಾಸ್ಟಾಟಿನ್ ನುಂಗಿದವರಲ್ಲಿ 8. ಮರುವರ್ಷದ ಸ್ಕಾಟ್ಲೆಂಡ್ ಅಧ್ಯಯನದಲ್ಲಿದ್ದವರು ಕೊಲೆಸ್ಟ್ರಾಲ್ ಹೆಚ್ಚಿದ್ದರೂ ಅದುವರೆಗೆ ಹೃದಯಾಘಾತ ಕಾಣದ 6,595 ಗಂಡಸರು. ಅಲ್ಲಿ ಹೃದಯಾಘಾತ ಮತ್ತು ಹೃದ್ರೋಗದ ಸಾವು ಸೇರಿ ನೂರಕ್ಕೆ ಸುಮಾರು 8ರಿಂದ ಐದೂವರೆಗೆ ಇಳಿಯಿತು. ಎರಡನ್ನೂ ‘ಶೇಕಡಾ 30ರಷ್ಟು ಇಳಿಕೆ’ ಎಂದು ಹೇಳಬಹುದು, ಹಾಗೆ ಹೇಳುತ್ತಲೂ ಬಂದಿದ್ದಾರೆ. ಒಂದು ಕಡೆ ಉಳಿದದ್ದು ನೂರರಲ್ಲಿ ಮೂರು ನಾಲ್ಕು ಜೀವ. ಇನ್ನೊಂದು ಕಡೆ ತಪ್ಪಿದ್ದು ನೂರರಲ್ಲಿ ಎರಡು ಮೂರು ಆಘಾತ. ಎರಡನೆಯದು ಕಡಿಮೆಯದೇನಲ್ಲ. ಬೇಕೋ ಬೇಡವೋ ಎಂದು ವೈದ್ಯರೂ ನಾನೂ ಕೂತು ಮಾತಾಡುವಷ್ಟು ಅವಕಾಶ ಅಲ್ಲಿದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಅಷ್ಟು ಅವಕಾಶ ನನಗೆ ಕಾಣಿಸುವುದಿಲ್ಲ.

ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಭಾವ ನಿಜ ಬಾಯಿಬಿಟ್ಟರು. ಒಂದು ವರ್ಷದಿಂದ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮಾತ್ರೆಯದೇ ಕಾಟ ಎಂದು ಗುಂಪಿನಲ್ಲಿ ಯಾರೋ ಅಂದರಂತೆ.

ಈ ನೋವಿನ ಬಗ್ಗೆ ನಾನು ಓದಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಸ್ಯಾಮ್ಸನ್ ಪ್ರಯೋಗ. ತೊಂದರೆಯಾಗುತ್ತದೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ, ಒಬ್ಬೊಬ್ಬರಿಗೆ ಹನ್ನೆರಡು ಡಬ್ಬಿ. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಹುಸಿಮಾತ್ರೆ, ನಾಲ್ಕು ಖಾಲಿ. ತಿಂಗಳಿಗೊಂದು ಡಬ್ಬಿ, ದಿನವೂ ತೊಂದರೆಗೆ ನೂರರಲ್ಲಿ ಇಷ್ಟೆಂದು ಅಂಕ ಕೊಡಬೇಕು. ಖಾಲಿ ಡಬ್ಬಿಯ ತಿಂಗಳಲ್ಲಿ ಸರಾಸರಿ 8, ಹುಸಿಮಾತ್ರೆಗೆ 15.4, ಸ್ಟಾಟಿನ್‌ಗೆ 16.3. ನೋವು ಸುಳ್ಳಲ್ಲ, ಮಾತ್ರೆ ನುಂಗಿದಾಗಲೇ ಅದು ಹೆಚ್ಚುತ್ತಿತ್ತು. ಆದರೆ ಅದರ ಬಹುಪಾಲು ಒಳಗಿದ್ದ ಔಷಧದ್ದಲ್ಲ, ನುಂಗುವ ಅಂಜಿಕೆಯದು. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರುಮಾಡಿದರು. ನೋಯುತ್ತದೆ ಎಂದವರನ್ನು ಗದರಿಸದೆ ಅವರ ಕೈಗೇ ತಕ್ಕಡಿ ಕೊಟ್ಟದ್ದು ಈ ಪ್ರಯೋಗದ ದೊಡ್ಡತನ.

ಹಾಗೆಂದು ಭಾವನ ಮುಂದೆ ಅದನ್ನು ಬೀಸುವುದು ಸಲ್ಲ. ಆ 60 ಜನ ಶುರುಮಾಡಿದ ಎರಡು ವಾರದೊಳಗೆ ತೊಂದರೆ ಕಂಡು ಬಿಟ್ಟವರು. ಭಾವನ ನೋವು ಬಂದದ್ದು ಐದು ವರ್ಷದ ಮೇಲೆ. ಸ್ನಾಯು ನಿಜಕ್ಕೂ ಕೆಡುವುದೂ ಉಂಟು, ಅಪರೂಪಕ್ಕೆ. ಸೆರಿವಾಸ್ಟಾಟಿನ್ ಎಂಬ ಮಾತ್ರೆಯನ್ನು 2001ರಲ್ಲಿ ಮಾರುಕಟ್ಟೆಯಿಂದ ವಾಪಸು ಪಡೆದದ್ದು ಅದಕ್ಕೇ. ಸಿಕೆ ಎಂಬ ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಬೇಕಾದರೆ ಡೋಸು ಇಳಿಸುವುದು, ಬೇರೆ ಸ್ಟಾಟಿನ್‌ಗೆ ಬದಲಿಸುವುದು: ಮಧ್ಯದಲ್ಲಿ ಇಷ್ಟೆಲ್ಲ ದಾರಿಗಳಿವೆ. ಭಾವ ಇವೆಲ್ಲವನ್ನೂ ಹಾರಿ ಬೂದುಗುಂಬಳದ ರಸಕ್ಕೆ ಬಂದಿದ್ದರು. ಕೆಮಿಕಲ್ ಬೇಡವಂತೆ. ಜಪಾನಿನ ಅಕಿರಾ ಎಂಡೊ 1973ರಲ್ಲಿ ಮೊದಲ ಸ್ಟಾಟಿನ್ ಪತ್ತೆಮಾಡಿದ್ದು ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಲ್ಲಿ ಎಂದೆ. ಮುಖ ಸಿಂಡರಿಸಿದರು. ವಾರ ಕಳೆದು ವೈದ್ಯರಲ್ಲಿಗೆ ಹೋದರೆನ್ನಿ.

ಆ ದೀಪಾವಳಿಯ ರಾತ್ರಿ ಒಳಕೋಣೆಯಲ್ಲಿ ಭಾವನ ತಾಯಿ ಮಲಗಿದ್ದರು. ವಯಸ್ಸು 88. ಇನ್ನು ಆರೈಕೆಯೊಂದೇ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿಕೊಟ್ಟಿದ್ದರು. ಇಂಥ ಸ್ಥಿತಿಯಲ್ಲಿರುವ 381 ಜನರ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟಾಟಿನ್ ನಿಲ್ಲಿಸಿದವರಿಗೆ ಗಣನೀಯ ತೊಂದರೆಯೇನೂ ಕಂಡಿರಲಿಲ್ಲ. ದಿನಗಳು ತುಸು ಹಗುರಾಗಿಯೇ ಕಳೆದಿದ್ದವು. ಒಂಬತ್ತು ಗಂಟೆಗೆ ಅಕ್ಕ ಅವರ ಸ್ಟಾಟಿನ್ ಮಾತ್ರೆ ಪುಡಿಮಾಡಿ ಜೇನಿನಲ್ಲಿ ಕಲಸಿ ತಂದಳು. ಅಜ್ಜಿ ಬಾಯಿ ಬಿಗಿದುಕೊಂಡರು. ಫೈಲ್ ತಿರುವಿದೆ. ಹಳೆಯ ಚೀಟಿಯಲ್ಲಿ 0-0-1 ಎಂದಿದೆ. ಯಾವುದಕ್ಕೆ ಕೊಟ್ಟದ್ದು ಎಂದು ಅಕ್ಕನನ್ನು ಕೇಳಿದೆ, ಅವಳು ಭಾವನ ಮುಖ ನೋಡಿದಳು.