ವನ್ಯಜೀವಿ ಚಲಚ್ಚಿತ್ರಗ್ರಹಣದಲ್ಲಿ ಕ್ಯಾಮೆರಾ ಕೇಜು: ಆಯ್ಕೆಯ ಮಾನದಂಡಗಳ ವಿಮರ್ಶೆ

ಮುಧೋಳ ತಾಲೂಕಿನ ತಿಮ್ಮಾಪುರವೆಂದೊಡನೆ ಕಬ್ಬು ಮತ್ತು ಸಕ್ಕರೆ ಕಾರ್ಖಾನೆ ನೆನಪಿಗೆ ಬರುವುದು ಸಹಜ. ಆದರೆ ಇದೇ ಮುಧೋಳ ಮತ್ತು ನೆರೆಯ ಬೀಳಗಿ ತಾಲೂಕುಗಳ ಕುರುಚಲು ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. ಚಿಂಕಾರವಲ್ಲದೆ ತೋಳ, ಕತ್ತೆಕಿರುಬಗಳಿಗೂ ಅದು ಆಶ್ರಯ. ಬೇಸಾಯವೂ ಕಾಡೂ ಒಂದನ್ನೊಂದು ಒತ್ತಿಕೊಂಡಿರುವ ಇಂತಹ ಸೀಮೆಯ ಚಲಚ್ಚಿತ್ರ ದಾಖಲೆ ಮುಂದಿನ ಇತಿಹಾಸಕಾರನಿಗೆ ಆಕರವಾಗತಕ್ಕದ್ದು. ಶಾಸನ, ಕಡತಗಳ ಪ್ರಾಮಾಣ್ಯವನ್ನು ಸೂಕ್ಷ್ಮವಾಗಿ ಪರೀಕ್ಷಿಸುವ ನಾವು ಈ ಹೊಸ ಆಕರವನ್ನು ನಿರ್ಮಿಸುವ ಉಪಕರಣದ ವಿಷಯದಲ್ಲಿ ಉದಾಸೀನರಾಗಿರುವುದು ಯುಕ್ತವಲ್ಲ. ಅಂತಹ ಉಪಕರಣಗಳಲ್ಲಿ ಒಂದಾದ ಕೇಜನ್ನು, ಎಂದರೆ ಕ್ಯಾಮೆರಾದ ಮೈಗೆ ಹೊರಗಿನಿಂದ ತೊಡಿಸುವ ಲೋಹದ ಹಂದರವನ್ನು, ಆರಿಸುವ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲು ಇದರ ಪೂರ್ವೇತಿಹಾಸ. 1882ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಏತಿಯೆನ್-ಜೂಲ್ ಮರೇ, ಹಾರುವ ಹಕ್ಕಿಯನ್ನು ಸೆಕೆಂಡಿಗೆ 12 ಚಿತ್ರಗಳಂತೆ ಹಿಡಿಯಲು ಬಂದೂಕಿನ ಆಕಾರದ ಕ್ಯಾಮೆರಾವನ್ನು ರಚಿಸಿದನು. ಹಕ್ಕಿಯನ್ನು ಹೆಗಲಿನ ಆಸರೆಯಿಂದ ಹಿಂಬಾಲಿಸಬೇಕಾಗಿದ್ದ ಕಾರಣ ಉಪಕರಣಕ್ಕೆ ಆ ಆಕಾರ ಬಂದಿತು. 2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾಗಳು ಬಂದಾಗ ಈ ಕ್ರಮ ತಲೆಕೆಳಗಾಯಿತು. ಸ್ಥಿರಚಿತ್ರಕ್ಕೆಂದು ರೂಪುಗೊಂಡ ಮೈಗೆ ಚಲಚ್ಚಿತ್ರದ ಕೆಲಸ ಬಿದ್ದಿತು. ತಳದಲ್ಲಿ ತಿರುಪಿಗೆ ಒಂದು ರಂಧ್ರ, ನೆತ್ತಿಯಲ್ಲಿ ಫ್ಲ್ಯಾಷಿಗೆ ಒಂದು ಹಿಡಿಕೆ. ಇಷ್ಟರಲ್ಲಿ ಮೈಕು, ಪರದೆ, ಹಿಡಿ ಎಲ್ಲವೂ ನಿಲ್ಲಬೇಕಾಯಿತು. ಈ ಕೊರತೆಗೆ ಪರಿಹಾರವಾಗಿ ಕೇಜು ಬಳಕೆಗೆ ಬಂದಿತು. 2021ರಲ್ಲಿ ಸೋನಿ ಸಂಸ್ಥೆ ಎಫ್‌ಎಕ್ಸ್3 ಕ್ಯಾಮೆರಾದ ಮೈಯಲ್ಲಿಯೇ ತಿರುಪುರಂಧ್ರಗಳನ್ನು ಕೊರೆದು ಕೊಟ್ಟುದು, ಕೇಜು ಅನಿವಾರ್ಯವಲ್ಲವೆಂಬುದಕ್ಕೆ ಸಾಕ್ಷಿ.

ಹೀಗಿರಲು, ರಂಧ್ರಗಳು ಹೆಚ್ಚಿದಷ್ಟೂ ಕೇಜು ಉತ್ತಮವೆಂಬ ಪ್ರಚಲಿತ ಅಭಿಪ್ರಾಯ ವಿಚಾರಕ್ಕೆ ನಿಲ್ಲಲಾರದು. ಕೊಳ್ಳುವವನು ಎಣಿಸಬೇಕಾದುದು ತನ್ನ ಕ್ಯಾಮೆರಾದ ಕೊರತೆಗಳನ್ನು. ಮೈಕು ಒಂದೇ ಸಾಕಾದವನಿಗೆ ಒಂದು ಪಾರ್ಶ್ವವನ್ನಷ್ಟೇ ಅಪ್ಪುವ ಅರ್ಧ ಕೇಜು ಸಾಲುತ್ತದೆ. ಮಿಕ್ಕ ಲೋಹ ಹೆಗಲಿಗೆ ಹೊರೆ.

ಇನ್ನು ಹೊಂದಿಕೆಯ ಪ್ರಶ್ನೆ. ಒಳ್ಳೆಯ ಕೇಜು ಕ್ಯಾಮೆರಾವನ್ನು ಕನಿಷ್ಠ ಎರಡು ಕಡೆ ಹಿಡಿದಿರುತ್ತದೆ: ತಳದ ತಿರುಪಿನಲ್ಲಿ ಒಮ್ಮೆ, ಪಟ್ಟಿ ಕಟ್ಟುವ ಕೊಂಡಿಯ ಬಳಿ ಅಥವಾ ನೆತ್ತಿಯಲ್ಲಿ ಇನ್ನೊಮ್ಮೆ. ತಳದ ತಿರುಪನ್ನು ಮಾತ್ರ ನೆಚ್ಚಿದ ಕೇಜು ಹಿಡಿಯನ್ನು ಎತ್ತಿದಾಗ ಕಿಂಚಿತ್ ತಿರುಗುತ್ತದೆ. ಕಣ್ಣಿಗೆ ಕಾಣದ ಆ ಅಲುಗಾಟ ದೀರ್ಘ ಮಸೂರದಲ್ಲಿ ದೊಡ್ಡದಾಗಿ ಕಾಣುತ್ತದೆ. ಬ್ಯಾಟರಿ ಮತ್ತು ಕಾರ್ಡಿನ ಬಾಗಿಲುಗಳು ಕೇಜನ್ನು ಬಿಚ್ಚದೆಯೇ ತೆರೆಯಬೇಕು. ಗುಂಡಿಗಳಿಗೆ ಬೆರಳು ತಡೆಯಿಲ್ಲದೆ ತಲುಪಬೇಕು. ಫ್ಯಾನುಳ್ಳ ಕ್ಯಾಮೆರಾಗಳಲ್ಲಿ ಗಾಳಿಯ ಕಿಂಡಿಗಳು ಮುಚ್ಚಿಹೋಗಬಾರದು.

ವನ್ಯಜೀವಿ ಚಿತ್ರಗ್ರಹಣದಲ್ಲಿ ಅತಿಯಾಗಿ ಉಪೇಕ್ಷಿತವಾಗಿರುವುದು ಭಾರದ ಲೆಕ್ಕ. ಬ್ಯಾಟರಿ, ಕಾರ್ಡುಗಳೊಡನೆ ಎಫ್‌ಎಕ್ಸ್3 ತೂಗುವುದು 715 ಗ್ರಾಂ. ಅದಕ್ಕೆ ಜೋಡಿಸುವ 200–600 ಮಿಲಿಮೀಟರ್ ಮಸೂರದ ತೂಕ 2 ಕಿಲೋಗ್ರಾಂಗಿಂತ ಹೆಚ್ಚು. ಇಂತಹ ಜೋಡಣೆ ಮುಕ್ಕಾಲಿಯ ಮೇಲೆ ನಿಲ್ಲಬೇಕಾದುದು ಮಸೂರದ ಪಾದದಿಂದ. ಕೇಜಿನ ತಳವನ್ನೇ ಮುಕ್ಕಾಲಿಗೆ ಬಿಗಿದರೆ ಮಸೂರದ ಭಾರವೆಲ್ಲ ಕ್ಯಾಮೆರಾದ ಮೂತಿಯ ಮೇಲೆ ಬೀಳುತ್ತದೆ. ಆದುದರಿಂದ ಮುಕ್ಕಾಲಿಯ ಕೆಲಸಕ್ಕೆ ದಪ್ಪ ತಳದ ಕೇಜು ಬೇಕೆಂಬ ವಾದ ದೀರ್ಘ ಮಸೂರದ ಮಟ್ಟಿಗೆ ನಿರಾಧಾರ. ಅಂತಹ ತಳ ಮಸೂರದ ಪಾದಕ್ಕೆ ತಾಗಿ, ಅದರ ಹೊಂದಿಕೆಯನ್ನು ಕೆಡಿಸುವುದೂ ಉಂಟು.

ಸ್ಥಳದ ಗುಣವೂ ಗಣನೆಗೆ ಬರಬೇಕು. ಯಡಹಳ್ಳಿಯಂತಹ ಬಯಲಿನಲ್ಲಿ ಮರೆ ಕಡಿಮೆ, ಬೇಸಿಗೆಯ ಬಿಸಿಲು ಪ್ರಖರ, ಧೂಳು ಹೇರಳ. ಹೊಳಪುಳ್ಳ ಲೋಹದ ಮಿಂಚು ದೂರಕ್ಕೆ ಕಾಣುತ್ತದೆ. ಮಂಕು ಮೇಲ್ಮೈ ಲೇಸು. ಕಪ್ಪು ಲೋಹ ಬಿಸಿಲಿಗೆ ಬೇಗ ಕಾಯುವುದರಿಂದ ಬಿಡುವಿನಲ್ಲಿ ಬಟ್ಟೆ ಹೊದಿಸಬೇಕು. ತಿರುಪುಗಳು ಕಡಿಮೆಯಿದ್ದಷ್ಟೂ ಧೂಳು ಸೇರುವ ಎಡೆಗಳು ಕಡಿಮೆ. ಅವುಗಳ ಕೀಲಿ ಕೇಜಿನಲ್ಲಿಯೇ ಅಂಟಿಕೊಂಡಿರುವುದು ಅನುಕೂಲ. ಸಡಿಲವಾದ ಹಿಡಿಯ ಟಿಕ್ ಎಂಬ ಸದ್ದು ಎರಡು ಬಗೆಯ ಹಾನಿಯನ್ನು ಮಾಡುತ್ತದೆ. ಅದು ಪ್ರಾಣಿಯನ್ನು ಬೆದರಿಸುತ್ತದೆ. ಮೈಕಿನೊಳಕ್ಕೂ ಸೇರಿ, ಆ ನೆಲದ ಧ್ವನಿಯ ದಾಖಲೆಯನ್ನು ಕೆಡಿಸುತ್ತದೆ. ಬೆದರಿ ಓಡುವ ಚಿಂಕಾರದ ಚಿತ್ರ ಅದರ ಸಹಜ ನಡವಳಿಕೆಗೆ ಸಾಕ್ಷಿಯಾಗಲಾರದು. ಹಂದರದ ದೋಷ ಹೀಗೆ ಆಕರದ ದೋಷವಾಗಿ ಪರಿಣಮಿಸುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಹಲವು ಕ್ಯಾಮೆರಾಗಳಿಗೆ ಸಲ್ಲುವ ಸಾರ್ವತ್ರಿಕ ಕೇಜನ್ನು ಕೊಂಡರೆ ಕಾಲೇಜಿಗೆ ಮಿತವ್ಯಯವಲ್ಲವೇ? ತರಗತಿಯ ಅಭ್ಯಾಸಕ್ಕೆ ಈ ಮಾತು ಒಪ್ಪತಕ್ಕದ್ದೇ. ಒಂದೇ ಹಂದರದಲ್ಲಿ ನಾಲ್ಕಾರು ಕ್ಯಾಮೆರಾಗಳನ್ನು ಕೂರಿಸಿ ಕಲಿಸಬಹುದು. ಆದರೆ ಎಲ್ಲಕ್ಕೂ ಹೊಂದಬೇಕಾದ ಹಂದರದಲ್ಲಿ ಕ್ಯಾಮೆರಾದ ಸುತ್ತ ತೆರಪು ಉಳಿಯುವುದು ಅನಿವಾರ್ಯ. ಕ್ಷೇತ್ರಕಾರ್ಯಕ್ಕೆ ಆ ಮಾದರಿಗೆಂದೇ ರಚಿತವಾದ ಕೇಜು ಬೇಕು. ಒಂದೇ ಸಂಸ್ಥೆಯ ಅನುಕ್ರಮ ಮಾದರಿಗಳು ಕೂಡ ಗಾತ್ರದಲ್ಲಿ ಭಿನ್ನವಾಗಿರುವ ಕಾರಣ, ಮಾದರಿಯ ಹೆಸರನ್ನು ಅಕ್ಷರಶಃ ತಾಳೆ ನೋಡಿಯೇ ಕೊಳ್ಳಬೇಕು.

ಅರ್ಥಶಾಸ್ತ್ರದ ದೃಷ್ಟಿಯಿಂದ ಕೇಜು ಸಣ್ಣ ಖರೀದಿ. ಆಕರ ನಿರ್ಮಾಣದ ದೃಷ್ಟಿಯಿಂದ ಅದು ಸಣ್ಣದಲ್ಲ. ವನ್ಯಜೀವಿಧಾಮದಲ್ಲಿ ಚಿತ್ರಗ್ರಹಣಕ್ಕೆ 1972ರ ಕಾಯಿದೆಯ ಮೇರೆಗೆ ಅನುಮತಿ ಅವಶ್ಯ. ಅನುಮತಿ ಪಡೆದು ಹೊರಡುವ ವಿದ್ಯಾರ್ಥಿಗಳು ಹಿಂದಿನ ದಿನವೇ ಮಸೂರ, ಮೈಕು, ಮುಕ್ಕಾಲಿಗಳೊಡನೆ ಕೇಜನ್ನು ಜೋಡಿಸಿ, ಅಲುಗಿಸಿ, ಸದ್ದನ್ನು ಮುದ್ರಿಸಿ ಕೇಳಿ ಪರೀಕ್ಷಿಸಿಕೊಳ್ಳುವುದು ಅವರ ಸಂಶೋಧನ ವಿಧಾನದ ಅಂಗವಾಗಬೇಕು.