ಚೀಟಿ ಅಂಟಿಸಿದ ಖಾಲಿ ಡಬ್ಬಿ

ಡಬ್ಬಿಯ ಮೇಲೆ ತೊಗರಿಬೇಳೆ ಎಂದು ಚೀಟಿ ಅಂಟಿಸಿದ್ದರೆ ಒಳಗೆ ಬೇಳೆ ಇರಬೇಕು. ಇದು ಅಡುಗೆಮನೆಯ ನ್ಯಾಯ. ಮನೆಯಲ್ಲೇ ಕುಳಿತು ದೂರದ ಕಚೇರಿಯ ಕೆಲಸ ಮಾಡುವವರ ಲ್ಯಾಪ್‌ಟಾಪಿನಲ್ಲಿ ಈ ನ್ಯಾಯ ಯಾವಾಗಲೂ ನಡೆಯುವುದಿಲ್ಲ. ಫೋಲ್ಡರು ತೆರೆದರೆ ಫೈಲುಗಳ ಹೆಸರುಗಳು ಸಾಲಾಗಿ ಕಾಣುತ್ತವೆ. ಮಳೆಗೆ ಇಂಟರ್ನೆಟ್ಟು ಹೋದ ದಿನ ಒತ್ತಿ ನೋಡಿ, ಕೆಲವು ತೆರೆಯುತ್ತವೆ, ಕೆಲವು ತೆರೆಯುವುದೇ ಇಲ್ಲ.

ಯಂತ್ರ ಕೆಟ್ಟಿಲ್ಲ, ಏರ್ಪಾಡೇ ಹಾಗಿದೆ. ಮೈಕ್ರೋಸಾಫ್ಟಿನವರು 2017ರಲ್ಲಿ ವಿಂಡೋಸ್ 10ಕ್ಕೆ ಒನ್‌ಡ್ರೈವ್‌ನ 'ಫೈಲ್ಸ್ ಆನ್ ಡಿಮ್ಯಾಂಡ್' ಸೌಲಭ್ಯ ತಂದರು. ಫೈಲು ದೂರದ ಕಂಪ್ಯೂಟರಿನಲ್ಲಿ, ಹೆಸರು ಮಾತ್ರ ನಮ್ಮಲ್ಲಿ. ಜಾಗ ಉಳಿಯುವುದು ನಿಜವಾದ ಲಾಭವೇ. ಆದರೆ ಮೋಡದ ಗುರುತಿದ್ದರೆ ಫೈಲು ನಮ್ಮಲ್ಲಿಲ್ಲ, ಬಿಳಿ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಸದ್ಯಕ್ಕಿದೆ, ತುಂಬು ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಮಾತ್ರ ಸದಾ ಇರುತ್ತದೆ. ಅನ್ನದ ಪ್ರಶ್ನೆಯಾದ ಈ ವ್ಯತ್ಯಾಸವನ್ನು ಸಾಸಿವೆ ಕಾಳಿನಷ್ಟು ಚಿತ್ರಕ್ಕೆ ಬಿಟ್ಟಿದ್ದಾರಲ್ಲ, ಅದೇ ನನ್ನ ತಕರಾರು.

ಇದಕ್ಕಿಂತ ಹಳೆಯದೊಂದು ವಿವೇಕವಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಮಹಾದೇವ ಸತ್ಯನಾರಾಯಣನ್ ಅವರ ತಂಡ 'ಕೋಡಾ' ಎಂಬ ವ್ಯವಸ್ಥೆ ಕಟ್ಟಲು ತೊಡಗಿತು. ಸಂಪರ್ಕ ತಪ್ಪಿದರೂ ಕೆಲಸ ನಿಲ್ಲಬಾರದೆಂಬುದು ಅದರ ಒಂದು ಗುರಿ. ಬೇಕಾಗುವ ಫೈಲುಗಳ ಪಟ್ಟಿಯನ್ನು ಬಳಸುವವರೇ ಕೊಟ್ಟರೆ ಯಂತ್ರ ಮುಂಚೆಯೇ ತಂದಿಡುತ್ತಿತ್ತು. ಮಳೆಗಾಲಕ್ಕೆ ಸೌದೆ, ಹಪ್ಪಳ ಕೂಡಿಟ್ಟ ಹಾಗೆ. ಸಂಪರ್ಕ ತಪ್ಪಿಯೇ ತಪ್ಪುತ್ತದೆ ಎಂದು ನಂಬಿ ಕಟ್ಟಿದ್ದು ಅದು. ಇಂದಿನದು ತಪ್ಪುವುದಿಲ್ಲವೆಂಬ ನಂಬಿಕೆಯದು.

ಇನ್ನು 'ಸಿಂಕ್' ಎಂಬ ಮಾತು. ಎರಡು ಕಡೆಯ ಫೈಲನ್ನು ಒಂದೇ ಮಾಡುವುದೆಂದು ಅದರ ಅರ್ಥ. ಸಂಪರ್ಕವಿಲ್ಲದಾಗ ಇಬ್ಬರು ಒಂದೇ ಫೈಲನ್ನು ತಿದ್ದಿದರೆ ಡ್ರಾಪ್‌ಬಾಕ್ಸ್ ಯಾರದನ್ನೂ ಅಳಿಸದೆ 'ಕಾನ್‌ಫ್ಲಿಕ್ಟೆಡ್ ಕಾಪಿ' ಎಂದು ಎರಡನೆಯ ಪ್ರತಿ ಮಾಡಿಡುತ್ತದೆ. ಇದು ಪ್ರಾಮಾಣಿಕವಾದ ನಡೆ, ಮೆಚ್ಚಬೇಕು. ಎರಡನ್ನೂ ಓದಿ ಹೊಂದಿಸುವ ಕೆಲಸ ಮಾತ್ರ ಮನುಷ್ಯರದೇ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ಸಿಂಕ್ ಆದ ಫೈಲು ಜೋಪಾನವಾಯಿತು ಎಂದುಕೊಳ್ಳುವಂತಿಲ್ಲ. ಬೇರೊಂದು ಪ್ರತಿ ಬೇಕೇ ಬೇಕು.

ಇಷ್ಟೆಲ್ಲದರ ಹೊರೆ ಯಾರ ಮೇಲೆ? ಲೈನು ಎಂದೂ ಹೋಗದ ಊರಿನಲ್ಲಿ ಕುಳಿತವರ ಮೇಲಂತೂ ಅಲ್ಲ. ನಮ್ಮಂಥ ಊರುಗಳಲ್ಲಿ ಮಗುವನ್ನು ಮಲಗಿಸಿ ಕೆಲಸಕ್ಕೆ ಕೂರುವ ಸೊಸೆಯ ಮೇಲೆ. "ನೆಟ್ ಇರಲಿಲ್ಲ" ಎಂದರೆ ಮೇಲಿನವರಿಗೆ ಅದು ಸಬೂಬಾಗಿ ಕೇಳುತ್ತದೆ. ಫೈಲು ಇಲ್ಲವೆಂದು ಯಂತ್ರ ಹಿಂದಿನ ದಿನವೇ ಸ್ಪಷ್ಟವಾಗಿ ಹೇಳಿದ್ದರೆ ಆಕೆ ಆ ಮಾತು ಕೇಳಬೇಕಿರಲಿಲ್ಲ.

ಅದು ಹೇಳುವವರೆಗೆ ನಾವೇ ನೋಡಿಕೊಳ್ಳಬೇಕು. ಬೇಕಾದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸಿ, ಫೈಲುಗಳು ಇಳಿದ ಮೇಲೆ ವೈಫೈ ಆರಿಸಿ ಒಮ್ಮೆ ತೆರೆದು ನೋಡಿ. ತೆರೆದರೆ ಮಾತ್ರ ಅದು ನಿಮ್ಮದು.