ಕಾರಣ: ಮೂಲ ಒಂದು, ವ್ಯಾಕರಣ ಎರಡು

ಸಂಸ್ಕೃತದ 'ಕಾರಣ' ಶಬ್ದವನ್ನು ಕನ್ನಡದಂತೆ ಮಲಯ ಭಾಷೆಯೂ ಸ್ವೀಕರಿಸಿದೆ. ಮಲೇಷ್ಯಾದಲ್ಲಿ ಅದು 'ಕೆರಾನ', ಇಂಡೊನೇಷ್ಯಾದಲ್ಲಿ 'ಕರೆನ'. ಎರಡು ಭಾಷೆಗಳಲ್ಲಿಯೂ ನಾಮಪದವು ಸಂಬಂಧಾರ್ಥಕಾವ್ಯಯದ ಕಾರ್ಯವನ್ನು ವಹಿಸಿಕೊಂಡಿದೆ. ಆದರೆ ಮಲಯದಲ್ಲಿ ಅದು ಹೇತುವಾಕ್ಯದ ಮೊದಲಿಗೆ ನಿಲ್ಲುತ್ತದೆ. ಕನ್ನಡದ 'ಮಳೆ ಸುರಿದ ಕಾರಣ ಹಂಪಿ ಬಜಾರಿನಲ್ಲಿ ವ್ಯಾಪಾರ ಕುಗ್ಗಿತು' ಎಂಬಲ್ಲಿ ಕೃದಂತದ ಬಳಿಕ, ಹೇತುವಿನ ಕೊನೆಗೆ ಬರುತ್ತದೆ. ಅರ್ಜಿಗಳ 'ಕಾರಣ, ರಜೆ ಮಂಜೂರು ಮಾಡಬೇಕು' ಎಂಬ ಪ್ರಯೋಗದಲ್ಲಿ ಅದೇ ಪದ ಹಿಂದಿನ ವಾಕ್ಯವನ್ನೇ ಹೇತುವಾಗಿ ಹಿಡಿದು, 'ಆದ್ದರಿಂದ' ಎಂಬ ಅರ್ಥ ತಳೆಯುತ್ತದೆ. ಈ ಭೇದಗಳನ್ನು 'ತತ್ಸಮ ನಾಮಪದ' ಎಂಬ ಒಂದೇ ಹಣೆಪಟ್ಟಿಯಡಿ ಮುಚ್ಚಿಡುವ ನಿರೂಪಣೆಯನ್ನು ನಾವು ಒಪ್ಪಲಾರೆವು. ಪದ ಎರವಲಿನದು, ಅದರ ಸ್ಥಾನವನ್ನೂ ಅರ್ಥವನ್ನೂ ನಿರ್ಣಯಿಸಿದ್ದು ಕನ್ನಡದ ವಾಕ್ಯರಚನೆ. ನಿಘಂಟು ಮೂಲವನ್ನಷ್ಟೇ ದಾಖಲಿಸಿದರೆ ಸಾಲದು. ಈ ವ್ಯಾಪಾರವನ್ನೂ ದಾಖಲಿಸಬೇಕು.